ಕೊಂಗುನಾಡಿನ ಮನೆಗಳಲ್ಲಿ ಬೆಳ್ಳಿ ರೂಪಾಯಿ

(ಕೊಯಮತ್ತೂರಿನ ಪೋತ್ತನೂರಿನಲ್ಲಿ ಕನ್ನಡಿಗರ ಸಭೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಮನೆಯಲ್ಲಿ ಕನ್ನಡ, ಹೊಸ್ತಿಲಾಚೆ ತಮಿಳು ಎಂದು ಎಷ್ಟೋ ತಲೆಮಾರುಗಳನ್ನು ಕಳೆದ ದೇವಾಂಗರೂ ಒಕ್ಕಲಿಗರೂ ಈ ಸಭೆಯಲ್ಲಿದ್ದೀರಿ. ಮಗ್ಗ ನೆಯ್ದವರ ಮನೆಯಾಗಲಿ, ಹತ್ತಿ ಬೆಳೆದವರ ಮನೆಯಾಗಲಿ, ಅಜ್ಜಿಯ ಕಾಲದ ಟ್ರಂಕಿನಲ್ಲಿ ನಾಲ್ಕಾರು ಬೆಳ್ಳಿ ರೂಪಾಯಿ ಇದ್ದೇ ಇರುತ್ತವೆ. ವಿಕ್ಟೋರಿಯಾ ರಾಣಿಯ ತಲೆ ಇರುವವು, ಎಡ್ವರ್ಡ್ ದೊರೆಯವು, ಜಾರ್ಜ್ ದೊರೆಯವು. ಅವನ್ನು ಕೂಡಿಡುವ ಹವ್ಯಾಸವೇ ಇವತ್ತಿನ ವಿಷಯ.

ನಾನು ಹೇಳಬೇಕಾದ ಮಾತು ಒಂದೇ. ನಾಣ್ಯ ಕೂಡಿಡುವವರು ಅದು ಬಂದ ದಾರಿಯನ್ನೂ ಕೂಡಿಡಬೇಕು. ಯಾವ ಊರಿನದು, ಯಾರ ಕೈ ದಾಟಿ ಬಂತು, ಯಾವ ಸಂದರ್ಭದಲ್ಲಿ ಮನೆ ಸೇರಿತು ಎಂಬುದು ಬರಹದಲ್ಲಿ ಇಲ್ಲದಿದ್ದರೆ ನಮ್ಮ ಸಂಗ್ರಹ ಬರಿಯ ಬೆಳ್ಳಿಯ ದಾಸ್ತಾನಾಗಿ ಉಳಿಯುತ್ತದೆ.

ವೆಳ್ಳಲೂರಿನ ಮಡಕೆ

ಇಲ್ಲೇ ಮಗ್ಗುಲಲ್ಲಿ, ನೊಯ್ಯಲ್ ಹೊಳೆಯ ಬಳಿ ವೆಳ್ಳಲೂರು ಇದೆ. 1842ರಲ್ಲಿ ಅಲ್ಲಿ ಸಿಕ್ಕ ಮಡಕೆಯೊಂದರಲ್ಲಿ ಐನೂರಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳಿದ್ದವು. ಬಹುಪಾಲು ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಡಿನೇರಿಯಸ್‌ಗಳು. 1891ರಲ್ಲೂ 1931ರಲ್ಲೂ ಅದೇ ಊರಿನಲ್ಲಿ ಮತ್ತೆ ರೋಮನ್ ಬೆಳ್ಳಿ ಸಿಕ್ಕಿತು. ಪಶ್ಚಿಮ ಕರಾವಳಿಯ ಬಂದರಿನಿಂದ ಪಾಲಕ್ಕಾಡು ಕಣಿವೆ ದಾಟಿದ ವ್ಯಾಪಾರದ ದಾರಿ ಈ ಸೀಮೆಯ ಮೇಲೆಯೇ ಹಾದುಹೋಗುತ್ತಿತ್ತು. ಕಾಂಗೇಯದ ಬಳಿಯ ಪಡಿಯೂರು ಬೆರಿಲ್ ಹರಳಿಗೆ ಹೆಸರಾದ ಊರು. ಆ ಹರಳಿಗೆ ರೋಮಿನ ಶ್ರೀಮಂತರು ಆಸೆಪಡುತ್ತಿದ್ದರು.

ಕರ್ನಾಟಕದಲ್ಲೂ ಇಂಥದ್ದೇ ಆಯಿತು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲು ಹಾದಿಗಾಗಿ ನೆಲ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಹೊರಬಂದವು.

ಈ ಎರಡು ಊರುಗಳ ಹೆಸರು ಇವತ್ತು ಜಗತ್ತಿನ ನಾಣ್ಯಶಾಸ್ತ್ರದ ಪುಸ್ತಕಗಳಲ್ಲಿ ಇದೆಯೆಂದರೆ, ಆಗ ಯಾರೋ ಕೂತು ನಾಣ್ಯ ಎಣಿಸಿದರು, ಚಕ್ರವರ್ತಿಯ ಹೆಸರಿನಂತೆ ವಿಂಗಡಿಸಿದರು, ಸಿಕ್ಕ ಊರನ್ನು ಬರೆದಿಟ್ಟರು ಎಂಬುದೇ ಕಾರಣ. ಬರೆದಿಡುವ ಮೊದಲೇ ಅಕ್ಕಸಾಲಿಗರ ಕುಲುಮೆಗೆ ಹೋದ ಮಡಕೆಗಳ ಕಥೆಯನ್ನು ಹೇಳುವವರೇ ಇಲ್ಲ.

ಬರೆದಿಟ್ಟವರಲ್ಲಿ ಕನ್ನಡಿಗರು ನೆನೆಯಬೇಕಾದ ಹೆಸರು ವಾಲ್ಟರ್ ಎಲಿಯಟ್. 1824ರಲ್ಲಿ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳಲ್ಲಿ ಆತನೂ ಒಬ್ಬ. ಧಾರವಾಡ ಸೀಮೆಯ ನೌಕರಿಯಲ್ಲಿದ್ದಾಗ ನೂರಾರು ಕನ್ನಡ ಶಾಸನಗಳ ಪ್ರತಿ ಮಾಡಿಸಿದ. ದೃಷ್ಟಿ ಹೋದ ಮುಪ್ಪಿನಲ್ಲಿ ದಕ್ಷಿಣ ಭಾರತದ ನಾಣ್ಯಗಳ ಮೇಲೆ ಪುಸ್ತಕ ಬರೆದ. ಅದು 1886ರಲ್ಲಿ ಅಚ್ಚಾಯಿತು. ಮದ್ರಾಸ್ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ದಕ್ಷಿಣದಲ್ಲಿ ಕಂಪನಿ ಹಾಕಿಸಿದ ನಾಣ್ಯಗಳ ಚರಿತ್ರೆಯನ್ನು 1890ರಲ್ಲಿ ಪ್ರಕಟಿಸಿದ. ನಮ್ಮ ಕಾಲದಲ್ಲಿ ಮೈಸೂರಿನ ಪ್ರೊ. ಎ. ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳಿಗೆ ಅಂಥದ್ದೇ ಸೇವೆ ಮಾಡಿದರು. ಇವರು ತೋರಿಸಿದ ದಾರಿಯಲ್ಲಿ ಸಣ್ಣ ಹವ್ಯಾಸಿಯೂ ನಡೆಯಬಹುದು.

ಗೋಪುರವಿದ್ದ ಬೆಳ್ಳಿ

ಬ್ರಿಟಿಷ್ ನಾಣ್ಯ ಎಂದಕೂಡಲೇ ರಾಣಿಯ ತಲೆ ಕಣ್ಣ ಮುಂದೆ ಬರುತ್ತದೆ. ಈ ಸೀಮೆಗೆ ಕಂಪನಿಯ ಬೆಳ್ಳಿ ಬಂದ ಕಾಲಕ್ಕೆ ಅದರ ಮೇಲೆ ರಾಣಿಯೂ ಇರಲಿಲ್ಲ, ದೊರೆಯೂ ಇರಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಯಮತ್ತೂರು ಕಂಪನಿಯ ವಶವಾಯಿತು. ಅಲ್ಲಿಯವರೆಗೆ ಇದು ಮೈಸೂರಿಗೆ ಸೇರಿದ ನಾಡು. ಹೊಸ ಆಳ್ವಿಕೆ ಮದ್ರಾಸಿನದು, ಮದ್ರಾಸಿನ ಲೆಕ್ಕ ಪಗೋಡ (ವರಹ) ಮತ್ತು ಫಣದ್ದು. 1807ರ ಸುಮಾರಿಗೆ ಮದ್ರಾಸ್ ಟಂಕಸಾಲೆ ಬೆಳ್ಳಿಯ ಅರ್ಧ ಪಗೋಡ, ಕಾಲು ಪಗೋಡಗಳನ್ನು ಯಂತ್ರದಲ್ಲಿ ಹೊಡೆಯತೊಡಗಿತು. ಅರ್ಧ ಪಗೋಡವನ್ನು ಭೂತಗನ್ನಡಿಯ ಕೆಳಗಿಟ್ಟು ನೋಡಿ. ಒಂದು ಮುಖದಲ್ಲಿ ಏಳು ನೆಲೆಯ ಗೋಪುರ, ಅದರ ಎರಡು ಪಕ್ಕ ನಕ್ಷತ್ರಗಳ ಸಾಲು. ಇನ್ನೊಂದು ಮುಖದಲ್ಲಿ ತಾವರೆಯಿಂದ ಮೇಲೇಳುತ್ತಿರುವ ವಿಷ್ಣು. ಬೆಲೆಯನ್ನು ಇಂಗ್ಲಿಷ್, ಪಾರಸಿ, ತಮಿಳು, ತೆಲುಗು ನಾಲ್ಕರಲ್ಲೂ ಬರೆದಿದೆ. ಕೆಲವುಗಳಲ್ಲಿ ಗೋಪುರದ ಅಂಚಿನ ಬಳಿ ಬೇರೆ ಯಾವುದೋ ಅಕ್ಷರದ ಮಾಸಲು ನೆರಳು ಕಾಣುತ್ತದೆ. ಅದು ಸ್ಪೇನ್ ದೇಶದ ಡಾಲರಿನ ಅಕ್ಷರ. ಅಮೆರಿಕ ಖಂಡದ ಗಣಿಗಳಿಂದ ಹಡಗೇರಿ ಬಂದ ಆ ಡಾಲರುಗಳನ್ನು ಕರಗಿಸದೆ ಅವುಗಳ ಮೇಲೆಯೇ ಗೋಪುರದ ಅಚ್ಚು ಒತ್ತಿದ್ದರು.

1818ರ ಜನವರಿಯಲ್ಲಿ ಮದ್ರಾಸ್ ಸರ್ಕಾರ ಪಗೋಡದ ಲೆಕ್ಕ ಬಿಟ್ಟು ರೂಪಾಯಿಯ ಲೆಕ್ಕ ಹಿಡಿಯಿತು. ಒಂದು ಪಗೋಡಕ್ಕೆ ಮೂರೂವರೆ ರೂಪಾಯಿ ಎಂದು ಗೊತ್ತುಮಾಡಿತು. 1799ರ ಒಪ್ಪಂದದಂತೆ ಮೈಸೂರು ಸಂಸ್ಥಾನ ಕಂಪನಿಗೆ ವರ್ಷಕ್ಕೆ ಕೊಡಬೇಕಿದ್ದದ್ದು 7 ಲಕ್ಷ ಪಗೋಡ. ಮುಂದೆ ದಾಖಲೆಗಳಲ್ಲಿ ಕಾಣುವ 24 ಲಕ್ಷ 50 ಸಾವಿರ ರೂಪಾಯಿ ಅದೇ ಮೊತ್ತ, ಮೂರೂವರೆಯಿಂದ ಗುಣಿಸಿದ್ದು.

1835ರ ಕಾಯ್ದೆ ಕಂಪನಿಯ ಆಳ್ವಿಕೆಯಲ್ಲಿದ್ದ ಪ್ರಾಂತಗಳಿಗೆಲ್ಲ ಒಂದೇ ರೂಪಾಯಿ ತಂದಿತು. ತೂಕ 180 ಗ್ರೇನ್, ಇವತ್ತಿನ ಲೆಕ್ಕದಲ್ಲಿ 11.66 ಗ್ರಾಂ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ, ಒಂದು ಪಾಲು ಬೆರಕೆ. ನಾಲ್ಕನೆಯ ವಿಲಿಯಂ ದೊರೆಯ ತಲೆ ಮೊದಲ ಸಲ ಬಂದದ್ದು ಇದರ ಮೇಲೆ. ಈ ರೂಪಾಯಿ ಹಣವಷ್ಟೇ ಆಗಿರದೆ ತೂಕದ ಕಲ್ಲೂ ಆಯಿತು. ಒಂದು ರೂಪಾಯಿ ತೂಕವೇ ಒಂದು ತೊಲ. ಮದ್ರಾಸ್ ಸೀಮೆಯಲ್ಲಿ ಮೂರು ತೊಲಕ್ಕೆ ಒಂದು ಪಲ, ನಲವತ್ತು ಪಲಕ್ಕೆ ಒಂದು ವೀಸೆ. ನೂಲನ್ನೂ ಬೆಲ್ಲವನ್ನೂ ಔಷಧಿಯ ಬೇರನ್ನೂ ಅಜ್ಜಂದಿರು ರೂಪಾಯಿ ಇಟ್ಟು ತೂಗಿದ್ದರ ಕಾರಣ ಇದು.

ನಿಂತೇ ಇದ್ದ ಇಸವಿ

ಪೋತ್ತನೂರಿಗೆ ಬಹಳ ಹತ್ತಿರವಾದ ನಾಣ್ಯ ಯಾವುದು ಎಂದು ಕೇಳಿದರೆ 1862ರ ರೂಪಾಯಿಯನ್ನು ತೋರಿಸುತ್ತೇನೆ. ಮದ್ರಾಸಿನಿಂದ ಬೇಪೂರಿಗೆ ಹೋಗುವ ರೈಲು ಹಾದಿ ಪೋತ್ತನೂರನ್ನು ಮುಟ್ಟಿದ್ದು 1862ರಲ್ಲಿ. ಕಂಪನಿಯ ಹೆಸರು ಹೋಗಿ ಬರಿಯ ‘ಇಂಡಿಯಾ’ ಎಂದು ಬರೆದ ಮೊದಲ ರೂಪಾಯಿಯೂ ಅದೇ ವರ್ಷದ್ದು. ರಾಣಿಯ ತಲೆಯ ಮೇಲೆ ಕಿರೀಟ, ರವಿಕೆಯ ಮೇಲೆ ಕಸೂತಿಯ ಹೂವು, ಕೊರಳಲ್ಲಿ ಸರ. ಹೆಚ್ಚು ಕೈ ಬದಲಾಯಿಸದ ನಾಣ್ಯದಲ್ಲಿ ಕಸೂತಿಯ ಒಂದೊಂದು ಎಸಳೂ ಬಿಡಿಬಿಡಿಯಾಗಿ ಕಾಣುತ್ತದೆ. ಸವೆತ ಶುರುವಾಗುವುದು ಕೆನ್ನೆಯ ಮೇಲಿನ ಕೂದಲಿನಿಂದ, ರವಿಕೆಯ ಉಬ್ಬಿನಿಂದ. ನಾಣ್ಯದ ದರ್ಜೆ ಅಳೆಯುವವರು ಮೊದಲು ಕಣ್ಣಿಡುವುದು ಅಲ್ಲಿಗೇ.

1862 ಎಂದಿರುವ ರೂಪಾಯಿಗಳೆಲ್ಲ 1862ರಲ್ಲಿ ಹೊಡೆದವಲ್ಲ. 1874ರ ತನಕ ಇಸವಿಯನ್ನು ಬದಲಿಸದೆ ಅದೇ ಅಂಕಿಯನ್ನು ಹಾಕುತ್ತ ಬಂದರು. ಬೊಂಬಾಯಿ ಟಂಕಸಾಲೆ ಮಾತ್ರ ಇಸವಿಯ ಕೆಳಗೆ ಸಣ್ಣ ಚುಕ್ಕೆಗಳನ್ನು ಸೇರಿಸುತ್ತ ಹೋಯಿತು. ಯಾವ ವರ್ಷದ್ದು ಎಂದು ಚುಕ್ಕೆ ಎಣಿಸಿ ಹೇಳುವ ಜಾಣ್ಮೆ ಹವ್ಯಾಸಿಗಳಲ್ಲಿ ಬೆಳೆದದ್ದು ಹೀಗೆ. ಇಸವಿ ನಿಂತಲ್ಲೇ ನಿಂತಿದ್ದ ಆ ಕಾಲದಲ್ಲೇ, 1873ರಲ್ಲಿ, ಇಲ್ಲಿಂದ ಕೊಯಮತ್ತೂರಿನ ಮೇಲೆ ಮೆಟ್ಟುಪಾಳಯಕ್ಕೆ ಕವಲು ಹಾದಿ ತೆರೆಯಿತು. ಪೋತ್ತನೂರು ಜಂಕ್ಷನ್ ಆಯಿತು.

ನನ್ನ ಬಳಿ ಇರುವ 1862ರ ರೂಪಾಯಿಯೊಂದರ ಮೇಲಂಚಿನಲ್ಲಿ ಬೆಸುಗೆಯ ಗುರುತಿದೆ. ಯಾರೋ ಅದಕ್ಕೆ ಕೊಂಡಿ ಹಾಕಿಸಿ ಕೊರಳಿಗೆ ಕಟ್ಟಿಕೊಂಡಿದ್ದರು, ಮುಂದೆ ಯಾರೋ ಕೊಂಡಿ ಕಿತ್ತು ಮತ್ತೆ ನಾಣ್ಯ ಮಾಡಿದರು. ರಾಣಿಯ ಮುಖಕ್ಕಿಂತ ಹಿಂಬದಿಯ ಹೂಬಳ್ಳಿ ಹೆಚ್ಚು ಸವೆದಿದೆ. ಅಂದರೆ ಮೈಗೆ ತಾಗುತ್ತಿದ್ದದ್ದು ಆ ಬದಿ. ವ್ಯಾಪಾರಿಗಳು ಇದಕ್ಕೆ ಬೆಳ್ಳಿಯ ಬೆಲೆಗಿಂತ ಹೆಚ್ಚು ಕೊಡುವುದಿಲ್ಲ. ನನಗೆ ಇದು ಕುಂದಿಲ್ಲದ ನಾಣ್ಯಕ್ಕಿಂತ ದೊಡ್ಡದು. ಆದರೆ ಕೊಟ್ಟ ಮನೆಯ ಹೆಂಗಸರು ಹೇಳದಿದ್ದರೆ, ಅದು ಬಾಣಂತಿಗೆ ತವರಿನವರು ಕಟ್ಟಿದ ರೂಪಾಯಿ ಎಂದು ಈ ಬೆಸುಗೆಯ ಗುರುತೊಂದರಿಂದ ಯಾರಿಗೂ ತಿಳಿಯುತ್ತಿರಲಿಲ್ಲ.

ಬರ, ಯುದ್ಧ, ಆನೆ

1877ರಿಂದ ರೂಪಾಯಿಯ ಮೇಲೆ ರಾಣಿ ‘ಎಂಪ್ರೆಸ್’ ಆದಳು. ಅದೇ ಹೊತ್ತಿಗೆ, 1876ರಿಂದ 78ರವರೆಗೆ, ಮೈಸೂರು ಸೀಮೆಯನ್ನೂ ಕೊಯಮತ್ತೂರನ್ನೂ ದೊಡ್ಡ ಬರ ಹಿಂಡಿತು. ಜನ ಹೊಟ್ಟೆಗಾಗಿ ಕಾಲ್ಗಡಗ, ಡಾಬು, ಬಳೆಗಳನ್ನು ಮಾರಿದರು. ಹಳ್ಳಿಗಳ ಒಡವೆಯ ಬೆಳ್ಳಿ ಬೊಂಬಾಯಿ ಟಂಕಸಾಲೆಯ ಕುಲುಮೆಗೆ ಹೋಯಿತು. ಆ ವರ್ಷಗಳ ರೂಪಾಯಿ ಕೈಗೆ ಬಂದಾಗ, ಅದರಲ್ಲಿ ಯಾವುದೋ ನೇಕಾರಗಿತ್ತಿಯ ಕಾಲ್ಗಡಗ ಇದ್ದರೂ ಇದ್ದೀತು ಎಂದು ನೆನೆಯದೆ ಅದನ್ನು ಪೆಟ್ಟಿಗೆಯಲ್ಲಿಡಲು ನನಗೆ ಆಗುವುದಿಲ್ಲ.

ಪರದೇಶದ ದೊರೆಯ ಮುಖವನ್ನು ಯಾಕೆ ಕಾಪಾಡಬೇಕು ಎಂದು ಕಿರಿಯರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಮುಖ ಅವರದು, ದುಡಿಮೆ ನಮ್ಮದು. ಕಿಸ್ತಿನ ದಿನ ಕಂದಾಯದ ಕಟ್ಟೆಯಲ್ಲಿ ಎಣಿಸಿ ಕೊಟ್ಟದ್ದು ರೈತನ ಬೆವರು. 1888ರಲ್ಲಿ ಕೊಯಮತ್ತೂರಿನಲ್ಲಿ ಸ್ಟೇನ್ಸ್ ಗಿರಣಿ ಶುರುವಾದ ಮೇಲೆ ಕೂಲಿಯಾಗಿ ಕೈಗೆ ಬಂದದ್ದು ಗಿರಣಿಯಾಳಿನ ಬೆವರು. ನಾವು ಕಾಪಾಡುವುದು ಆ ಬೆವರಿನ ಸಾಕ್ಷಿಯನ್ನು.

1893ರ ತನಕ ಯಾರು ಬೇಕಾದರೂ ಬೆಳ್ಳಿ ಗಟ್ಟಿ ತಂದು ಟಂಕಸಾಲೆಯಲ್ಲಿ ರೂಪಾಯಿ ಹೊಡೆಸಿಕೊಳ್ಳಬಹುದಿತ್ತು. ಬೆಳ್ಳಿಯ ಬೆಲೆ ಕುಸಿದು ಸರ್ಕಾರಕ್ಕೆ ಲಂಡನ್ನಿಗೆ ಹಣ ಕಳಿಸುವುದು ಭಾರವಾದಾಗ ಆ ವರ್ಷ ಜೂನ್‌ನಲ್ಲಿ ಟಂಕಸಾಲೆಯ ಬಾಗಿಲು ಸಾರ್ವಜನಿಕರಿಗೆ ಮುಚ್ಚಿತು. ಅಲ್ಲಿಂದ ಮುಂದೆ ರೂಪಾಯಿಯ ಬೆಲೆ ಅದರೊಳಗಿನ ಬೆಳ್ಳಿಯ ಬೆಲೆಗಿಂತ ಮೇಲೆ ನಿಂತಿತು.

1911ರ ರೂಪಾಯಿ ಹವ್ಯಾಸಿಗಳ ಮೆಚ್ಚಿನದು. ಐದನೆಯ ಜಾರ್ಜ್ ದೊರೆಯ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆಯನ್ನು ಕೆತ್ತಿದ್ದರು. ಸೊಂಡಿಲು ಮೊಟಕಾಗಿ ಆನೆ ಹಂದಿಯಂತೆ ಕಂಡಿತು. ಜನ ಮುನಿದರು, ಸರ್ಕಾರ ನಾಣ್ಯವನ್ನು ಹಿಂದಕ್ಕೆ ತೆಗೆದುಕೊಂಡು ಹೊಡೆದಿಟ್ಟದ್ದರಲ್ಲಿ ಬಹುಪಾಲನ್ನು ಕರಗಿಸಿತು. 1912ರ ರೂಪಾಯಿಯಲ್ಲಿ ಸೊಂಡಿಲು ಸ್ಪಷ್ಟವಾಗಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಮಕ್ಕಳಿಗೆ ಭೂತಗನ್ನಡಿ ಕೊಡಿ. ನೋಡುವ ಕಣ್ಣನ್ನು ಪಳಗಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂತು. 1917ರ ನವೆಂಬರ್ 30ರಂದು ಒಂದು ರೂಪಾಯಿಯ ನೋಟು ಹೊರಟಿತು. ಅಮೆರಿಕ 1918ರಲ್ಲಿ ಪಿಟ್‌ಮನ್ ಕಾಯ್ದೆ ಮಾಡಿ ತನ್ನ ಡಾಲರುಗಳನ್ನು ಕರಗಿಸಿ ಭಾರತಕ್ಕೆ 20 ಕೋಟಿ ಔನ್ಸ್ ಬೆಳ್ಳಿ ಮಾರಿತು. ಆ ಕಾಲದಲ್ಲಿ ಕಲ್ಕತ್ತ ಮತ್ತು ಬೊಂಬಾಯಿ ಟಂಕಸಾಲೆಗಳು ಕೋಟಿಗಟ್ಟಲೆ ರೂಪಾಯಿ ಹೊಡೆದವು. ನಿಮ್ಮ ಟ್ರಂಕಿನಲ್ಲಿ 1917, 1918ರ ರೂಪಾಯಿ ಹೆಚ್ಚಾಗಿ ಸಿಗುವುದು ಇದರಿಂದಲೇ.

ಎರಡನೆಯ ಮಹಾಯುದ್ಧ ಬೆಳ್ಳಿ ರೂಪಾಯಿಯ ಕಾಲವನ್ನೇ ಮುಗಿಸಿತು. 1940ರಲ್ಲಿ ಬೆಳ್ಳಿಯ ಪಾಲನ್ನು ಅರ್ಧಕ್ಕೆ ಇಳಿಸಿದರು. ಉಳಿದದ್ದು ತಾಮ್ರ, ನಿಕಲ್, ಸತು. ಹಳೆಯ ಅಚ್ಚ ಬೆಳ್ಳಿ ರೂಪಾಯಿಗಳನ್ನು ಮುಂದಿನ ಕೆಲವೇ ವರ್ಷಗಳಲ್ಲಿ ಚಲಾವಣೆಯಿಂದ ತೆಗೆದರು. 1939ರ ಇಸವಿ ಇರುವ ರೂಪಾಯಿ ಹೊರಗೆ ಬಂದದ್ದೇ ಬೆರಳೆಣಿಕೆಯಷ್ಟು, ಆದ್ದರಿಂದಲೇ ಅದಕ್ಕೆ ಅಷ್ಟು ಬೆಲೆ, ಅಷ್ಟು ನಕಲಿ. ಯುದ್ಧಕಾಲದಲ್ಲಿ ಅಮೆರಿಕ ಸಾಲವಾಗಿ ಕೊಟ್ಟ 22 ಕೋಟಿ 60 ಲಕ್ಷ ಔನ್ಸ್ ಬೆಳ್ಳಿಯನ್ನು ತೀರಿಸಲು ಸ್ವತಂತ್ರ ಭಾರತ ಹಿಂದಕ್ಕೆ ಬಂದ ಆ ಬೆರಕೆ ನಾಣ್ಯಗಳನ್ನು ಕಲ್ಕತ್ತದಲ್ಲಿ ಕರಗಿಸಿ ಬೆಳ್ಳಿ ಬೇರ್ಪಡಿಸಿತು. 1947ರ ರೂಪಾಯಿ ನಿಕಲ್‌ದು.

ತೂಕ, ನೀರು, ಅಂಚು

ಹೊಸದಾಗಿ ಕೈಹಾಕುವವರಿಗೆ ಕೆಲಸದ ಮಾತು ಕೆಲವು ಹೇಳಬೇಕು. ಗ್ರಾಮಿನ ನೂರರಲ್ಲಿ ಒಂದು ಪಾಲನ್ನೂ ತೋರಿಸುವ ತಕ್ಕಡಿ ಕೊಳ್ಳಿ. ಚೆನ್ನಾಗಿರುವ ರೂಪಾಯಿ 11.66 ಗ್ರಾಂ, ಎಂಟಾಣೆ 5.83, ಪಾವಲಿ 2.92, ಬೆಳ್ಳಿಯ ಎರಡಾಣೆ 1.46. ಸವೆದದ್ದು ಕಡಿಮೆ ತೂಗುವುದು ಸಹಜ. ಹೆಚ್ಚು ತೂಗಿದರೆ ಅನುಮಾನಪಡಿ.

ಆಮೇಲೆ ಲೋಟದಲ್ಲಿ ನೀರು ತುಂಬಿ ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆ ಮಾಡಿ. ರೂಪಾಯಿಯನ್ನು ಸಣ್ಣ ದಾರದಲ್ಲಿ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ನೀರಿನಲ್ಲಿ ಇಳಿಬಿಡಿ. ಹಳೆಯ ಅಚ್ಚ ಬೆಳ್ಳಿ ರೂಪಾಯಿಯಾದರೆ ತಕ್ಕಡಿ ಸುಮಾರು 1.13 ಗ್ರಾಂ ತೋರಿಸುತ್ತದೆ. 1940ರ ನಂತರದ ಅರ್ಧ ಬೆಳ್ಳಿಯದಾದರೆ ಸುಮಾರು 1.22. ತಾಮ್ರ, ಸತುಗಳ ಮೇಲೆ ಬೆಳ್ಳಿ ನೀರು ಕುಡಿಸಿದ ನಕಲಿಯಾದರೆ ಇನ್ನೂ ಮೇಲೆ ಹೋಗುತ್ತದೆ. ನಾಣ್ಯಕ್ಕೆ ಒಂದು ಗೀರೂ ಬೀಳುವುದಿಲ್ಲ. ಹಳೆಯ ಚಿನಿವಾರರು ಕಲ್ಲಿನ ಮೇಲೆ ಚಿಮ್ಮಿ ದನಿ ಕೇಳುತ್ತಿದ್ದರು. ಅದರಿಂದ ಅಂಚು ಜಜ್ಜುತ್ತದೆ, ನೀರಿನ ಪರೀಕ್ಷೆಯೇ ಮೇಲು.

ಅಂಚನ್ನೂ ನೋಡಿ. ಎರಕದ ನಕಲಿಯಲ್ಲಿ ಸುತ್ತಲೂ ಒಂದು ಸೀಳುಗೆರೆ ಓಡುತ್ತದೆ, ಇಲ್ಲವೇ ಅದನ್ನು ಅರದಿಂದ ಉಜ್ಜಿದ ಗುರುತಿರುತ್ತದೆ. ಟಂಕಸಾಲೆಯ ಗುರುತು ನೋಡಿ. ಬೊಂಬಾಯಿಯದಕ್ಕೆ ಚುಕ್ಕೆ ಅಥವಾ ‘ಬಿ’ ಅಕ್ಷರ, 1943ರಿಂದ ಲಾಹೋರಿನದಕ್ಕೆ ‘ಎಲ್’, ಕಲ್ಕತ್ತದ್ದರಲ್ಲಿ ಸಾಮಾನ್ಯವಾಗಿ ಗುರುತಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಉಜ್ಜಬೇಡಿ. ಹಬ್ಬದ ಹಿಂದಿನ ದಿನ ದೀಪದ ಜೊತೆ ರೂಪಾಯಿಯನ್ನೂ ಹುಣಸೆಹಣ್ಣು, ಬೂದಿ, ಹಲ್ಲುಪುಡಿ ಹಾಕಿ ತಿಕ್ಕುವ ಮನೆಗಳಿವೆ. ಗಾಳಿಯ ಗಂಧಕ ತಾಗಿ ಕಟ್ಟಿದ ಕಪ್ಪು ಪದರ ಬೆಳ್ಳಿಗೆ ಕೇಡು ಮಾಡುವುದಿಲ್ಲ. ತಿಕ್ಕಿದಾಗ ಅದರ ಜೊತೆ ಕಸೂತಿಯ ಎಸಳೂ ಹೋಗುತ್ತದೆ; ಹೋದದ್ದನ್ನು ಯಾವ ಅಕ್ಕಸಾಲಿಗರೂ ತಂದುಕೊಡಲಾರರು. ಎಣ್ಣೆ ಜಿಡ್ಡಿದ್ದರೆ ಬಿಸಿನೀರು, ಸ್ವಲ್ಪ ಸೋಪು, ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿದರೆ ಸಾಕು. ರಬ್ಬರ್ ಬ್ಯಾಂಡ್ ಕಟ್ಟಬೇಡಿ, ಅದರಲ್ಲೂ ಗಂಧಕವಿದೆ. ಅಗ್ಗದ ಪಿವಿಸಿ ಕವರಿನಲ್ಲಿಟ್ಟರೆ ಕೆಲವು ವರ್ಷಕ್ಕೆ ಹಸಿರು ಅಂಟು ಬರುತ್ತದೆ.

ಕಾನೂನು ಮತ್ತು ಮೋಸ

ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯ ಒಳಗೆ ಬರುತ್ತದೆ. ಅಮೆರಿಕದಲ್ಲಿರುವ ಮಗನಿಗೆ ಅಜ್ಜಿಯ ವಿಕ್ಟೋರಿಯಾ ರೂಪಾಯಿಯನ್ನು ಉಡುಗೊರೆಯಾಗಿ ಕಳಿಸುವುದೂ ತಪ್ಪಾಗುತ್ತದೆ, ನೆನಪಿಡಿ. ಪಾಯ ತೋಡುವಾಗಲೋ ಬಾವಿ ಅಗೆಯುವಾಗಲೋ ಹೂತಿಟ್ಟ ನಿಧಿ ಸಿಕ್ಕರೆ 1878ರ ನಿಧಿ ಕಾಯ್ದೆಯಂತೆ ಕಲೆಕ್ಟರರಿಗೆ ತಿಳಿಸಬೇಕು.

ಹಳೆಯ ರೂಪಾಯಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದು ಫೋನಿಗೆ ಬರುವ ಸಂದೇಶಗಳು ಮೋಸ. ತನ್ನ ಹೆಸರು ಬಳಸಿ ಇಂಥ ವ್ಯವಹಾರ ನಡೆಯುತ್ತಿದೆ, ತಾನು ಅದರಲ್ಲಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ಸಾಮಾನ್ಯ ಇಸವಿಯ ರೂಪಾಯಿಯಲ್ಲಿ ಇರುವುದು ಸುಮಾರು 10.7 ಗ್ರಾಂ ಬೆಳ್ಳಿ. ಅದರ ಪೇಟೆ ಬೆಲೆ ಲಕ್ಷದ ಹತ್ತಿರ ಹೋಗುವುದಿಲ್ಲ. ಕಷ್ಟಕಾಲದಲ್ಲಿ ಮಾರುವವರನ್ನು ತಪ್ಪೆನ್ನಲಾರೆ. ಬರದ ವರ್ಷ ಒಡವೆ ಮಾರಿದ ತಾಯಂದಿರ ಮಕ್ಕಳು ನಾವು. ಮಾರುವ ಮೊದಲು ಎರಡು ಮುಖದ ಫೋಟೊ ತೆಗೆದು, ಅದರ ಕಥೆಯನ್ನು ಬರೆದಿಡಿ ಎನ್ನುವುದಷ್ಟೇ ನನ್ನ ಬೇಡಿಕೆ.

ಚೀಟಿಯಲ್ಲಿ ಏನಿರಬೇಕು

ಒಂದೊಂದು ನಾಣ್ಯಕ್ಕೂ ಒಂದು ಕಾಗದದ ಲಕೋಟೆ, ಒಂದು ಚೀಟಿ. ಇಸವಿ, ದೊರೆ, ಟಂಕಸಾಲೆ, ತೂಕ ಮೊದಲ ಸಾಲು. ಕೊಂಡಿಯ ಗುರುತು, ತೂತು, ಉಳಿಯ ಏಟು ಇದ್ದರೆ ಎರಡನೆಯ ಸಾಲು. ಮೂರನೆಯ ಸಾಲು ಮನೆಯವರ ಮಾತು: ಮದುವೆಯ ತಾಂಬೂಲದಲ್ಲಿ ಬಂದದ್ದೋ, ಮಗ್ಗದ ಪೂಜೆಗೆ ಇಟ್ಟದ್ದೋ, ರೈಲ್ವೆ ವರ್ಕ್‌ಶಾಪಿನ ಸಂಬಳದ್ದೋ, ಸೀರೆ ಮಾರಿದ ದುಡ್ಡೋ. ಹೇಳಿದವರು ಯಾರು, ಯಾವ ಊರು, ಯಾವ ದಿನ ಹೇಳಿದರು ಎಂಬುದು ನಾಲ್ಕನೆಯ ಸಾಲು. ಹೇಳಿದವರ ಮಾತನ್ನು ಅವರು ಆಡಿದ ಕನ್ನಡದಲ್ಲೇ ಬರೆಯಿರಿ. ಕೊಂಗುನಾಡಿನ ಮನೆಗನ್ನಡ ಪುಸ್ತಕದ ಕನ್ನಡದಂತಿಲ್ಲ ಎಂದು ಹಿಂಜರಿಯಬೇಡಿ. ಕನ್ನಡ ಓದಲು ಬಾರದ ಮಕ್ಕಳಿದ್ದರೆ ತಮಿಳು ಲಿಪಿಯಲ್ಲಾದರೂ ಬರೆಯಲಿ, ಮಾತು ಉಳಿಯಬೇಕು.

ಇಸವಿ, ತೂಕ, ಟಂಕಸಾಲೆಗಳನ್ನು ನೂರು ವರ್ಷ ಕಳೆದ ಮೇಲೆ ಬರುವವರೂ ನಾಣ್ಯ ನೋಡಿ ಬರೆದುಕೊಳ್ಳಬಲ್ಲರು. ಮೂರನೆಯ, ನಾಲ್ಕನೆಯ ಸಾಲುಗಳನ್ನು ಬರೆಯಬಲ್ಲವರು ಇವತ್ತಿನ ಎಂಬತ್ತು, ತೊಂಬತ್ತರ ಹಿರಿಯರನ್ನು ಕೇಳಬಲ್ಲ ನಾವು ಮಾತ್ರ. ವೆಳ್ಳಲೂರಿನ ಮಡಕೆಯನ್ನು ಹೂತಿಟ್ಟವರು ಯಾರು, ಯಾವ ಭಯಕ್ಕೆ, ಯಾವ ಆಸೆಗೆ ಎಂಬುದನ್ನು ಯಾವ ವಿದ್ವಾಂಸರೂ ಇನ್ನು ಹೇಳಲಾರರು. ನಮ್ಮ ರೂಪಾಯಿಗಳ ವಿಷಯದಲ್ಲಿ ಆ ಉತ್ತರ ಇನ್ನೂ ನಡುಮನೆಯಲ್ಲಿ ಕೂತಿದೆ, ಕೇಳುವವರಿಗಾಗಿ ಕಾದಿದೆ.

ಈ ದತ್ತಿಯ ಹಿರಿಯರಲ್ಲಿ ಒಂದು ವಿನಂತಿ. ಮುಂದಿನ ವರ್ಷದ ಉಪನ್ಯಾಸದ ದಿನ, ಭಾಷಣಕ್ಕೆ ಮೊದಲು, ಈ ವರ್ಷ ಬರೆದ ಚೀಟಿಗಳನ್ನು ಬರೆದವರೇ ಓದುವಂತೆ ಏರ್ಪಾಡು ಮಾಡಿ. ನಾಣ್ಯಗಳನ್ನು ಯಾರೂ ತರಬೇಕಾಗಿಲ್ಲ, ಅವು ಮನೆಯಲ್ಲೇ ಭದ್ರವಾಗಿರಲಿ. ಚೀಟಿಗಳ ಒಂದೊಂದು ಪ್ರತಿ ಒಂದು ಕಡತದಲ್ಲಿ ಸೇರುತ್ತ ಹೋದರೆ ಕೊಯಮತ್ತೂರು ತಿರುಪ್ಪೂರು ಕನ್ನಡಿಗರ ದುಡಿಮೆ, ಮದುವೆ, ಬರ, ಬಾಣಂತನಗಳ ಚರಿತ್ರೆ ಅವರದೇ ಮಾತಿನಲ್ಲಿ ಸಿದ್ಧವಾಗುತ್ತದೆ. ಆ ಕಡತದ ಮೊದಲ ಹಾಳೆಗೆ, ಬೆಸುಗೆಯ ಗುರುತಿರುವ ರೂಪಾಯಿಯ ಚೀಟಿಯನ್ನು ಇಂದೇ ಅಧ್ಯಕ್ಷರ ಕೈಗೆ ಕೊಡುತ್ತಿದ್ದೇನೆ. ಎರಡನೆಯದು ನಿಮ್ಮದಾಗಲಿ.